ಒಲೆಯೊಳಗಿನ ಗೆಜ್ಜೆಕಾಲು

ಬಿಸಿ ಕಲ್ಲಿನ ಮೇಲೆ ನೀರು ಬಿದ್ದ ವಾಸನೆ ಬಂದರೆ ಸಾಕು, ಇವತ್ತಿಗೂ ನನಗೆ ಚಿಕ್ಕಪ್ಪನ ಮೇಲೆ ಸಿಟ್ಟು ಉಕ್ಕುತ್ತದೆ.

ನನಗಾಗ ಒಂಬತ್ತು ವರ್ಷ. ಹಳೇಬೀಡು ಕೆರೆಯ ಆಚೆ ದಡಕ್ಕೆ ಮನೆಮಂದಿಯೆಲ್ಲ ತೆಪ್ಪದಲ್ಲಿ ಹೋಗಿ, ಚಿಕ್ಕಪ್ಪ ತಂದಿದ್ದ ನೀಲಿ ಟೆಂಟು ಹಾಕಿದ್ದೆವು. ಅನ್ನ ಬೇಯಿಸಲು ಒಲೆಗೆ ಮೂರು ಕಲ್ಲು ಬೇಕಿತ್ತು. ಅವನು ಪೊದೆಯಿಂದ ಉರುಳಿಸಿಕೊಂಡು ಬಂದ ಕಲ್ಲೊಂದರಲ್ಲಿ ಪುಟ್ಟ ಪಾದ ಕೆತ್ತಿತ್ತು. ಗೆಜ್ಜೆಯ ಒಂದೊಂದು ಮಣಿಯೂ ಬೆರಳಿಗೆ ತಾಕುತ್ತಿತ್ತು.

"ಇದು ಬೇಡ ಚಿಕ್ಕಪ್ಪ, ಇದ್ರಲ್ಲಿ ಕಾಲೈತೆ," ಅಂದೆ.

"ಈ ಊರಲ್ಲಿ ಕೆತ್ತನೆ ಇಲ್ದಿರೋ ಕಲ್ಲು ಎಲ್ಲೈತೆ? ಸುಮ್ನಿರೇ," ಎಂದು ಬೆಂಕಿ ಹಚ್ಚಿಯೇಬಿಟ್ಟ. ಅಪ್ಪನೂ ನಕ್ಕರು.

ನಾನು ಬಿಂದಿಗೆ ಎತ್ತಿ ನೀರನ್ನೆಲ್ಲ ಒಲೆಗೆ ಸುರಿದೆ. ಅನ್ನ ಇನ್ನೂ ಅರ್ಧ ಬೆಂದಿತ್ತು. ಚಿಕ್ಕಪ್ಪ ಬೆನ್ನಿಗೆ ಗುದ್ದಿದ. "ಏನ್ ಕೊಬ್ಬೇ ನಿಂಗೆ!" ಅಂದಳು ಅಜ್ಜಿ. ಅಳುತ್ತಲೇ ಕಲ್ಲು ಒರೆಸಿದೆ. ಮಸಿ ನನ್ನ ಲಂಗಕ್ಕೆ ಹತ್ತಿತೇ ಹೊರತು ಗೆಜ್ಜೆಯಿಂದ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ದೇವಸ್ಥಾನಕ್ಕೆ ಹೋದೆವು. ಗೋಡೆಯಲ್ಲಿ ಅಂಥದೇ ಪಾದ ಕಂಡು ಕೈ ಚಾಚಿದೆ. ಚಿಕ್ಕಪ್ಪ ರಟ್ಟೆ ಹಿಡಿದು ಎಳೆದ.

"ಮುಟ್ಬೇಡ ಕಣೇ, ಕೆತ್ತನೆ ಹಾಳಾಗೋಯ್ತದೆ!"