ಮೀನಿನ ಜೋಡಿ, ನೀರಿನ ಜೋಡಿ

“ಎಂತ ಕರಿಯುದು ನೀನು?”

ಬಾಗಿಲಲ್ಲಿ ನಿಂತಿದ್ದ ಪ್ರಭಾವತಿಯವರ ಕೈಯಲ್ಲಿ ವಡೆ ತೆಗೆಯುವ ಜಾಲರಿ ಸೌಟು ಹಾಗೆಯೇ ಇತ್ತು. ಅದರ ಎಣ್ಣೆ ಮೆಟ್ಟಿಲುದ್ದಕ್ಕೂ ತೊಟ್ಟಿಕ್ಕಿತ್ತು. ಕಾಲು ಹೊಸಿಲಾಚೆಯೇ ಇದ್ದರೂ ಮೂಗು ಆಗಲೇ ಒಳಗೆ ಬಂದು ಮೂಲೆಮೂಲೆ ಹುಡುಕುತ್ತಿತ್ತು.

“ಏನೂ ಇಲ್ಲ ಪ್ರಭಕ್ಕ. ಇಲ್ಲಿ ಒಲೆನೇ ಇಲ್ವಲ್ಲ,” ಎಂದ ಸಮರ್ಥ, ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಮರೆಮಾಡುತ್ತ.

“ಸುಳ್ಳು ಹೇಳ್ಬೇಡ ಮಾರಾಯ. ಚುಂಯ್ ಅಂತ ಕೆಳಗೆ ಕೇಳ್ತಾ ಉಂಟು. ಮೀನೇ ಅದು. ನಾವು ಕರಿಯದಿದ್ರೂ ಈ ಊರಲ್ಲಿ ಅಕ್ಕಪಕ್ಕದವರು ಕರಿಯುದು ಕೇಳಿ ಕೇಳಿ ನಂಗೆ ಗೊತ್ತುಂಟು.”

ಕಾಳಿಘಾಟಿನ ಆ ಓಣಿಯ ಮನೆಯಲ್ಲಿ ಕೆಳಗೆ ಉಡುಪಿಯ ಪ್ರಭಾವತಿ, ಮುರಾರಿ ದಂಪತಿಗಳ ಕೇಟರಿಂಗ್ ಅಡಿಗೆಮನೆ. ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಸೆಕ್ಟರ್ ಫೈವ್‌ನ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಮೈಸೂರಿನ ಸಮರ್ಥ. ಷರತ್ತು ಎರಡೇ: ಮೇಲೆ ಮೀನು ಬರಬಾರದು, ನೀರು ಪೋಲಾಗಬಾರದು. ಯಾವುದು ಮುರಿದರೂ ಕೋಣೆ ಖಾಲಿ. ಕಿಟಕಿ ಮುಚ್ಚಿದರೆ ಹಾರ್ನಿನ ಸದ್ದೂ ಕೇಳದ ಇಂಥ ಕೋಣೆ ಈ ಊರಲ್ಲಿ ಇನ್ನೊಂದು ಸಿಗುವುದಿಲ್ಲ ಎಂಬುದು ಸಮರ್ಥನಿಗೆ ಚೆನ್ನಾಗಿ ಗೊತ್ತಿತ್ತು.

“ಇದು ಸ್ಪೀಕರು ಪ್ರಭಕ್ಕ. ಪೆಟ್ಟಿಗೆ ನಾನೇ ಮಾಡಿದ್ದು. ಒಳಗೆ ನಡುಗಿ ಸದ್ದು ಹೊರಡಿಸೋ ಈ ಕಾಗದದ ಬಟ್ಟಲು ಇದ್ಯಲ್ಲ, ಡ್ರೈವರು, ಇದನ್ನ ಮಾತ್ರ ಕೊಳ್ಬೇಕು. ಚಾಂದನಿ ಮಾರ್ಕೆಟ್ಟಿನ ಅಂಗಡಿಯವರು ನನ್ನ ಕೈಗೆಟಕೋ ಬೆಲೆಯ ಎರಡು ಜೋಡಿ ಕೇಳಿ ನೋಡೋಕೆ ಕೊಟ್ಟಿದಾರೆ. ಸಂಜೆಯೊಳಗೆ ಒಂದನ್ನ ವಾಪಸ್ ಕೊಡ್ಬೇಕು.”

“ಹಾಡು ಎಲ್ಲಿ ಉಂಟು ಇದ್ರಲ್ಲಿ?”

“ಹಾಡಲ್ಲ. ತಗ್ಗು ಸ್ವರದಿಂದ ಏರು ಸ್ವರದವರೆಗೆ ಎಲ್ಲಾ ಒಟ್ಟಿಗೆ ಸೇರಿಸಿದ ಸದ್ದು. ಪರೀಕ್ಷೆಗೆ. ಹಾಡು ಹಾಕಿದ್ರೆ ಮನಸ್ಸು ಹಾಡಿಗೇ ಹೋಗ್ಬಿಡುತ್ತೆ.”

“ಹಾಡಿಗಲ್ಲದೆ ಮತ್ತೆಲ್ಲಿಗೆ ಹೋಗ್ಬೇಕು ಅದು?” ಎಂದ ಪ್ರಭಾವತಿ, ಯಾವುದಕ್ಕೂ ಇರಲೆಂದು ಮಂಚದ ಕೆಳಗೆ ಬಗ್ಗಿ ನೋಡಿ, ಇಳಿದು ಹೋದರು.

ಸಮರ್ಥ ತಿಂಗಳಿಡೀ ಓದಿದ್ದೆಲ್ಲ ಹಳದಿ ಬಟ್ಟಲಿನ ಜೋಡಿಯನ್ನೇ ಹೊಗಳಿತ್ತು. ಬೂದು ಬಣ್ಣದ್ದು ನೋಡಲು ಹಳೇ ರೇಡಿಯೋದಿಂದ ಕಿತ್ತು ತಂದಂತಿತ್ತು. ಆದರೆ ಬೆಳಗಿನಿಂದ ಎಷ್ಟು ಸಲ ಕೇಳಿದರೂ ಎರಡಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಇದನ್ನು ಅವನು ಆಫೀಸಿನಲ್ಲಿ ಯಾರಿಗೂ ಹೇಳುವಂತಿರಲಿಲ್ಲ. ತನಗೆ ತಾನೇ ಇನ್ನೂ ಸರಿಯಾಗಿ ಹೇಳಿಕೊಂಡಿರಲಿಲ್ಲ. ನಿಟ್ಟುಸಿರುಬಿಟ್ಟು ಒಂದು ಪೆಟ್ಟಿಗೆಯ ಹಳದಿಯನ್ನು ಬಿಚ್ಚಿ ಬೂದನ್ನು ಕೂರಿಸಿ, ಅದೇ ಸದ್ದನ್ನು ಹಾಕಿದ.

ಮೆಟ್ಟಿಲು ಧಡಧಡ ಎಂದಿತು. “ನಳ್ಳಿ ಬಿಟ್ಟು ಕೂತಿದ್ದಿಯಾ? ಕೆಳಗೆ ಮದುವೆ ಮನೆಯ ಅಡಿಗೆ ಆಗ್ತಾ ಉಂಟು, ಟ್ಯಾಂಕಿಯಲ್ಲಿ ಇದ್ದದ್ದೇ ಇಷ್ಟು ನೀರು. ಸಾಕು ಮಾರಾಯ, ನಾಳೆಯೇ ಕೋಣೆ ಖಾಲಿ ಮಾಡು.” ಪ್ರಭಾವತಿ ನೇರವಾಗಿ ಬಚ್ಚಲಿಗೆ ನುಗ್ಗಿದರು. ನಲ್ಲಿ ಮುಚ್ಚಿತ್ತು. ಮುಚ್ಚಿದ್ದನ್ನೇ ಇನ್ನಷ್ಟು ಬಿಗಿದರು. ಬಕೆಟ್ಟು ಒಣಗಿತ್ತು. ನೀರು ಮಾತ್ರ ಸುರಿಯುತ್ತಲೇ ಇತ್ತು. ಹೊರಗೆ ಬಂದು ಗೋಡೆಗೆ ಅಂಗೈಯಿಟ್ಟು, ಸೂರನ್ನೊಮ್ಮೆ ನೋಡಿದರು.

ಸಮರ್ಥ ಫೋನಿನ ಮೇಲೆ ಬೆರಳೊತ್ತಿದ. ನೀರು ನಿಂತಿತು.

“ಪ್ರಭಕ್ಕ, ಆಗ ಮೀನು ಅಂದ್ರಲ್ಲ, ಅದೂ ಇದೇ ಸದ್ದು. ಬಟ್ಟಲು ಮಾತ್ರ ಬೇರೆ.”

“ಇದೇ ಅಂತೆ. ಮೀನಿಗೂ ನೀರಿಗೂ ವ್ಯತ್ಯಾಸ ಗೊತ್ತಾಗದ ಕಿವಿಯಾ ನಂದು?”

“ನಿಮ್ಮದಲ್ಲ,” ಎಂದ ಸಮರ್ಥ. “ನಂದು.”

ಅವರನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಒಮ್ಮೆ ಹಳದಿಯ ಪೆಟ್ಟಿಗೆ, ಒಮ್ಮೆ ಬೂದಿನ ಪೆಟ್ಟಿಗೆ, ಹೇಳದೆ ಕೇಳದೆ ಬದಲಿಸಿದ.

“ಮೀನು,” ಎಂದರು ಪ್ರಭಾವತಿ. “ನೀರು. ಇದೂ ನೀರು. ಇದು ಮೀನು, ಕರಿದದ್ದು ಹೆಚ್ಚಾಯ್ತು, ತೆಗಿ ಅದನ್ನು. ನಂಗೆ ಕೆಳಗೆ ವಡೆ ಉಂಟು.”

ಏರು ಸ್ವರಗಳು ಮುಂದೆ ನುಗ್ಗಿದರೆ ಸದ್ದು ಚುರುಗುಟ್ಟುತ್ತದೆ, ಎಲ್ಲವೂ ಸಮನಾಗಿ ಬಂದರೆ ಹರಿಯುತ್ತದೆ ಎಂದು ಸಮರ್ಥ ಎಲ್ಲೋ ಓದಿದ್ದ. ಕೇಳಿದ್ದು ಇವತ್ತೇ, ಅದೂ ಇನ್ನೊಬ್ಬರ ಕಿವಿಯಿಂದ. ಹಳದಿ ಜೋಡಿಯನ್ನು ಡಬ್ಬಿಗೆ ಹಾಕಿ ಅಂಗಡಿಗೆ ಹೊರಟ.

ಅವನು ಹಿಂದಿರುಗಿದಾಗ ಮುರಾರಿಯವರು ಪಾತ್ರೆಗಳೊಂದಿಗೆ ಮದುವೆ ಮನೆಗೆ ಹೋಗಿಯಾಗಿತ್ತು. ಎರಡೂ ಪೆಟ್ಟಿಗೆಗಳಿಗೆ ಬೂದನ್ನು ಕೂರಿಸಿ, ಪ್ರಭಾವತಿಯವರನ್ನು ಕರೆದು ಮಂಚದ ಮೇಲೆ ಕೂರಿಸಿ, ಈ ದಿನಕ್ಕಾಗಿಯೇ ತೆಗೆದಿಟ್ಟಿದ್ದ ವೀಣೆಯ ಆಲಾಪನೆ ಹಾಕಿದ. ಅವರು ಪರರ ಮನೆಯಲ್ಲಿ ಕಾಫಿಗೆ ಕಾದು ಕೂತವರಂತೆ ಸ್ವಲ್ಪ ಹೊತ್ತು ಕೇಳಿದರು.

“ಚೆಂದ ಉಂಟು. ಇನ್ನು ಆ ನಳ್ಳಿ ಹಾಕು.”

“ಅದು ಬರೀ ಪರೀಕ್ಷೆಯ ಸದ್ದು ಪ್ರಭಕ್ಕ.”

“ಇರ್ಲಿ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನೀರಿನ ಸದ್ದು ಕೇಳಿದ್ರೆ ನಳ್ಳಿ ಬಂದ್ ಮಾಡ್ಲಿಕ್ಕೆ ಏಳುದೇ ಆಯ್ತು. ಒಂದು ಸಲ ಏಳದೆ ಕೇಳ್ತೇನೆ.”

ಸಮರ್ಥ ಹಾಕಿದ. ಕೋಣೆಯ ತುಂಬ ನೀರು ಧಾರಾಳವಾಗಿ ಸುರಿಯತೊಡಗಿತು. ಪ್ರಭಾವತಿ ಗೋಡೆಗೊರಗಿ ಕಣ್ಣು ಮುಚ್ಚಿದರು. ಮಡಿಲಲ್ಲಿದ್ದ ಬಲಗೈ ಮಾತ್ರ, ಅವರಿಗೇ ತಿಳಿಯದಂತೆ, ಏನನ್ನೋ ಮೆಲ್ಲಗೆ ಬಲಕ್ಕೆ ತಿರುಗಿಸುತ್ತಲೇ ಇತ್ತು.