ಅವೂರ್ ಬರೆದ ಕೊನೆಯ ಅಧ್ಯಾಯ

“ಕೊನೆಯ ಅಧ್ಯಾಯ ಒಂದನ್ನು ಬದಲಾಯಿಸಿಕೊಟ್ಟರೆ ಸಾಕು,” ಎಂದು ಪ್ರಕಾಶನದ ಸಂಪಾದಕಿ ಮೈಥಿಲಿ ನೋಟ್‌ಬುಕ್ಕುಗಳ ಕಟ್ಟನ್ನು ಮೇಜಿನ ಮೇಲಿಟ್ಟಳು.

ಎದುರು ಕುಳಿತಿದ್ದವಳು ಅವೂರ್, ಅವಳಿಗೆ ನಲವತ್ತನಾಲ್ಕು ವರ್ಷ. ನಗರದ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯ ಹೋಟೆಲೊಂದರಲ್ಲಿ ಬಟ್ಟೆ ಇಸ್ತ್ರಿ ಮಾಡುವ ಕೆಲಸ. ಮೂರು ವರ್ಷ ಕೂತು ಇಂಗ್ಲಿಷಿನಲ್ಲಿ ಬರೆದ ಕಾದಂಬರಿ ಅದು. ಗಂಡ ಸತ್ತವಳೊಬ್ಬಳನ್ನು, ಅವರ ಕುಲದ ಪದ್ಧತಿಯಂತೆ, ಮೈದುನನ ಹೆಂಡತಿಯಾಗಿಸಲು ಹಿರಿಯರು ಸೇರುತ್ತಾರೆ. ಕೊನೆಯ ಅಧ್ಯಾಯದಲ್ಲಿ ಅವಳು ಎದ್ದು ನಿಂತು “ಒಲ್ಲೆ” ಎನ್ನುತ್ತಾಳೆ.

“ಏನು ಬದಲಾಯಿಸಬೇಕು?”

“ಅವಳು ಒಪ್ಪಿಕೊಳ್ಳಲಿ. ಮನೆಯವರೆಲ್ಲ ಒಂದಾಗಲಿ. ಹಾಗಿದ್ದರೆ ಶಾಲೆಗಳು ಕೊಳ್ಳುತ್ತವೆ, ಐದು ಸಾವಿರ ಪ್ರತಿ ಹಾಕಬಹುದು. ಇಲ್ಲದಿದ್ದರೆ ಐನೂರು.”

ಪ್ರಕಾಶನದ ಮಾಲೀಕರಾದ ಪ್ಯಾಸ್ಕಲ್ ತಮ್ಮ ಕೋಣೆಯ ಬಾಗಿಲಲ್ಲಿ ನಿಂತು, ಅವೂರ್‌ಗೆ ತಿಳಿಯದಂತೆ ಕನ್ನಡದಲ್ಲಿ ಕೇಳಿದರು, “ಎಂತ, ಒಪ್ಪಿದ್ರಾ?”

“ಇನ್ನೂ ಇಲ್ಲ ಸರ್, ಮಾತಾಡ್ತಾ ಇದೀನಿ.”

“ಚೂರು ಹೊಗಳಿ ಮಾರಾಯ್ರೆ. ಬರೆಯುವವರಿಗೆ ಅದು ಬೇಕಾಗ್ತದೆ.”

ಮೈಥಿಲಿ ಅವೂರ್ ಕಡೆ ತಿರುಗಿ ನಕ್ಕಳು. “ಓದುವಾಗ ನಿಮ್ಮ ಧೈರ್ಯ ಕಂಡು ಬೆರಗಾಯಿತು. ಇದು ನಿಮ್ಮದೇ ಕಥೆ ಅಲ್ಲವೇ?”

“ಅಲ್ಲ. ನಾನು ಹೂಂ ಅಂದವಳು,” ಎಂದಳು ಅವೂರ್. “ಆಗ ಇಪ್ಪತ್ತೇಳು ವರ್ಷ ನನಗೆ. ಹಿರಿಯರು ಕೇಳಿದರು, ತಲೆ ತಗ್ಗಿಸಿ ಹೂಂ ಅಂದೆ. ಹದಿನಾರು ವರ್ಷ ಅವನ ಜೊತೆ ಬಾಳಿದೆ. ಕೆಟ್ಟವನೇನಲ್ಲ. ಆದರೆ ಒಲ್ಲೆ ಅಂದಿದ್ದರೆ ನಾನು ಯಾರಾಗಿರುತ್ತಿದ್ದೆ ಅಂತ ನನಗೆ ತಿಳಿಯಬೇಕಿತ್ತು. ಅದಕ್ಕೇ ಬರೆದೆ. ನೀವು ಅವಳ ಬಾಯಲ್ಲೂ ಹೂಂ ಅನ್ನಿಸಿ ಅಂತೀರಿ.”

ಮೈಥಿಲಿ ಮುಂದೆ ಬಾಗಿ ಕೇಳಿದಳು, “ಅವರು ಈಗ...?”

“ಫೆಬ್ರವರಿಯಲ್ಲಿ ತೀರಿಕೊಂಡ. ಅವನಿಗೂ ಒಬ್ಬ ತಮ್ಮ ಇದ್ದಾನೆ. ಬರುವ ಭಾನುವಾರ ಊರಿಗೆ ಬಾ ಅಂದಿದ್ದಾರೆ.”

ಅವೂರ್ ನೋಟ್‌ಬುಕ್ಕುಗಳಿಗೆ ಕೈಚಾಚಿದಳು. ಮೈಥಿಲಿ ಅದಕ್ಕೆ ಮೊದಲೇ ಅವನ್ನೆತ್ತಿಕೊಂಡು ಪ್ಯಾಸ್ಕಲ್ ಕೋಣೆಗೆ ಹೋದಳು.

“ಸರ್, ಸ್ಕೂಲ್ ಬೇಡ. ಐನೂರೇ ಹಾಕೋಣ.”

“ನಿಮಗೆ ಎಂತ ಆಯ್ತು?”

“ಆ ಚಾಪ್ಟರ್ ಮುಟ್ಟಿದ್ರೆ ಬುಕ್ಕೇ ಇರಲ್ಲ ಸರ್.”

ಪ್ಯಾಸ್ಕಲ್ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. ಗಾಜಿನ ಬಾಗಿಲಿನಾಚೆ ಅವೂರ್ ನೆಟ್ಟಗೆ ಕೂತಿದ್ದಳು. “ಐನೂರು ಮುಗೀಲಿಕ್ಕೇ ಎರಡು ವರ್ಷ ಬೇಕು,” ಎಂದು ಗೊಣಗಿದರು. ಬೇಡ ಎನ್ನಲಿಲ್ಲ.

ಹೊರಗೆ ಬಂದು ಮೈಥಿಲಿ ವಿಷಯ ತಿಳಿಸಿದಾಗ ಅವೂರ್ “ಸವಾ” ಎಂದಳು. ಸ್ವಾಹಿಲಿಯಲ್ಲಿ ಆಗಲಿ ಎಂಬ ಆ ಒಂದು ಮಾತು ಹೇಳಿ, ಕೆಲಸದ ಹೊತ್ತಾಯಿತೆಂದು ಮೆಟ್ಟಿಲಿಳಿದು ಹೋದಳು.

ಭಾನುವಾರ ಮೈಥಿಲಿಗೆ ಮನೆಯಲ್ಲಿ ಯಾವ ಕೆಲಸವೂ ಸರಿಯಾಗಿ ಆಗಲಿಲ್ಲ. ಸೋಮವಾರ ಬೆಳಿಗ್ಗೆ ಕಚೇರಿಗೆ ಫೋನ್ ಬಂತು. ಆ ಕಡೆ ಬಾಡಿಗೆ ವ್ಯಾನುಗಳಾದ ಮಟಾಟುಗಳ ಹಾರ್ನು, ನಡುವೆ ಅವೂರ್‌ಳ ದನಿ.

“ಹೇಗಾಯಿತು?”

“ಹೇಳಿದೆ. ಮನೆ, ಹೊಲ ಎರಡೂ ಹೋಯಿತು. ಅತ್ತೆ ನನ್ನ ಮುಖ ನೋಡಲಿಲ್ಲ. ಬೆಳಗಿನ ಬಸ್ಸಿಗೆ ಬಂದು ಇಳಿದೆ.” ಹಾರ್ನುಗಳ ನಡುವೆ ಅವಳೇ ಮತ್ತೆ ಕೇಳಿದಳು, “ಪುಸ್ತಕ ಅಚ್ಚಿಗೆ ಹೋಯಿತೇ?”

“ಇನ್ನೂ ಇಲ್ಲ.”

“ಹಾಗಾದರೆ ಒಂದು ತಿದ್ದುಪಡಿ. ಕೊನೆಯಲ್ಲಿ, ಅವಳು ‘ಮೆಲ್ಲಗೆ ಹೇಳಿದಳು’ ಅಂತ ಬರೆದಿದ್ದೇನೆ. ಆ ‘ಮೆಲ್ಲಗೆ’ ತೆಗೆದುಹಾಕಿ.”