ಹಾರ್ನಿನ ಕೆಂಪು ತಂತಿ

"ಕೆಂಪು ತಂತೀನ ಕಪ್ಪಿನ ಜಾಗಕ್ಕೆ ಹಾಕಿದ್ದೀಯಲ್ಲ, ಕಣ್ಣು ಎಲ್ಲಿಟ್ಟಿದ್ದೆ?" ಗಿರಾಕಿಯ ಎದುರಿಗೇ ಅಣ್ಣ ಕಿರುಚಿದ. ತಂಗಿ ಬಾಯಿ ತೆರೆಯುವಷ್ಟರಲ್ಲಿ ಹಳೆಯ ಸ್ಪೀಕರಿನ ಹಾರ್ನಿಗೆ ಹೋಗುವ ಎರಡೂ ತಂತಿಗಳನ್ನು ಕತ್ತರಿಸಿಬಿಟ್ಟಿದ್ದ.

"ಅದು ಬೇಕಂತಲೇ ಹಾಗೆ..."

"ಸುಮ್ನಿರು. ಬಣ್ಣ ಗೊತ್ತಾಗದವಳು ಸೋಲ್ಡರಿಂಗ್‌ಗೆ ಕೈ ಹಾಕ್ಬಾರ್ದು."

ದಪ್ಪ ದನಿಯನ್ನು ಕೆಳಗಿನ ಸ್ಪೀಕರಿಗೂ ತೆಳು ದನಿಯನ್ನು ಮೇಲಿನ ಹಾರ್ನಿಗೂ ಹಂಚುವ ಕ್ರಾಸ್‌ಓವರ್ ಆರಿಸಲು ಅವಳಿಗೆ ಹನ್ನೊಂದು ದಿನ ಹಿಡಿದಿತ್ತು. ಮೂರನ್ನು ಕಟ್ಟಿ, ಕೇಳಿ, ಬಿಚ್ಚಿ ಬಿಸಾಕಿದ್ದಳು. ನಾಲ್ಕನೆಯದರಲ್ಲಿ ಹಾರ್ನಿನ ತಂತಿಗಳನ್ನು ಅದಲುಬದಲು ಮಾಡಿದರಷ್ಟೇ ಸರಿಹೋಗುತ್ತಿತ್ತು. ಇಲ್ಲದಿದ್ದರೆ ಎರಡು ದನಿಗಳು ಸೇರುವ ಕಡೆ ಒಂದನ್ನೊಂದು ನುಂಗುತ್ತಿದ್ದವು. ಆ ಹನ್ನೊಂದು ದಿನದಲ್ಲಿ ಅಣ್ಣ ಒಮ್ಮೆಯೂ ಇತ್ತ ಕಿವಿಗೊಟ್ಟಿರಲಿಲ್ಲ. ಅಂಗಡಿಯ ಬೋರ್ಡಿನ ಮೇಲೆ ಹೆಸರು ಮಾತ್ರ ಅವನದು.

ಬಣ್ಣಕ್ಕೆ ಬಣ್ಣ ಕೂಡಿಸಿ, ಅಣ್ಣ ಗತ್ತಿನಿಂದ ರೆಕಾರ್ಡ್ ಹಾಕಿದ. ಗಿರಾಕಿ ತಲೆ ಓರೆ ಮಾಡಿ ಆಲಿಸಿದರು. "ನಿನ್ನೆ ನಿಮ್ಮ ತಂಗಿ ಕೇಳಿಸಿದಾಗ ಹಾಡೋಳು ಎದುರಿಗೇ ಕೂತಿದ್ದ ಹಾಗಿತ್ತು. ಈಗ ಎದ್ದು ಪಕ್ಕದ ಕೋಣೆಗೆ ಹೋದ ಹಾಗಿದೆಯಲ್ಲ?"

ಅಣ್ಣನ ಮುಖ ಇಳಿಯಿತು. ಸೋಲ್ಡರಿಂಗ್ ಐರನ್ನನ್ನು ತಂಗಿಯ ಕಡೆ ಮೆಲ್ಲಗೆ ಚಾಚಿ, "ಇವ್ರು ಹೋಗ್ಲಿ, ಆಮೇಲೆ ಮೊದಲಿನ ಹಾಗೇ ಮಾಡ್ಬಿಡು," ಎಂದು ಪಿಸುಗುಟ್ಟಿದ.

ಅವಳು ಅದನ್ನು ಮುಟ್ಟಲಿಲ್ಲ. ಕುರ್ಚಿಯೊಂದನ್ನು ದರದರನೆ ಎಳೆದು ಗಿರಾಕಿಯ ಮುಂದಿಟ್ಟಳು.

"ಕೂತ್ಕೊಳ್ಳಿ ಸರ್. ಅಣ್ಣ ಈಗ ಕೆಂಪು ತಂತೀನ ಕಪ್ಪಿನ ಜಾಗಕ್ಕೆ ಹಾಕ್ತಾನೆ. ನೋಡ್ಕೊಂಡು ಹೋಗಿ."